ಒಂದು ತಟ್ಟೆ, ಎರಡು ಚಮಚ

ನೈರೋಬಿಯ ಅಪ್ಪರ್ ಹಿಲ್‌ನಲ್ಲಿ ದಿನದ ಮೊದಲ ಸಿಹಿ ಸಿಗುವುದು ಆಸ್ಪತ್ರೆಯ ಗೇಟಿನ ಬಳಿ. ಕೆನ್ಯಾದ ಈ ರಾಜಧಾನಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ, ನಮ್ಮ ಮಡಿಕೇರಿಗಿಂತಲೂ ಮೇಲೆ. ಜುಲೈ ತಿಂಗಳ ಮುಂಜಾನೆ ಅಲ್ಲಿ ಸ್ವೆಟರಿಲ್ಲದೆ ಹೊರಗೆ ಬರುವ ಹಾಗಿಲ್ಲ. ಆ ಚಳಿಯಲ್ಲಿ ಮುಚ್ಚಳದ ಬಕೆಟ್ಟು, ದೊಡ್ಡ ಫ್ಲಾಸ್ಕು ಇಟ್ಟುಕೊಂಡು ಹೆಂಗಸರು ಕೂತಿರುತ್ತಾರೆ. ಬಕೆಟ್ಟಿನಲ್ಲಿ ಮಂಡಾಜಿ: ಗೋಧಿ ಹಿಟ್ಟಿಗೆ ಸಕ್ಕರೆ ಬೆರೆಸಿ ಕಲಸಿ, ಉಬ್ಬು ಬಂದ ಮೇಲೆ ಮುಕ್ಕೋನವಾಗಿ ಕತ್ತರಿಸಿ, ಎಣ್ಣೆಯಲ್ಲಿ ಕರಿದ ತಿಂಡಿ. ಫ್ಲಾಸ್ಕಿನಲ್ಲಿ ಹಾಲು, ನೀರು, ಚಹಾಪುಡಿ, ಸಕ್ಕರೆ ಒಟ್ಟಿಗೇ ಕುದಿಸಿದ ಚಹಾ. ರಾತ್ರಿ ಪಾಳಿ ಮುಗಿಸಿದ ನರ್ಸು, ಹಗಲು ಪಾಳಿಗೆ ಬಂದ ಕಾವಲುಗಾರ, ಎದುರಿನ ಬ್ಯಾಂಕಿನ ಗುಮಾಸ್ತೆ, ದೂರದ ಊರಿನಿಂದ ರೋಗಿಯ ಜೊತೆ ಬಂದು ಬೆಂಚಿನ ಮೇಲೆ ರಾತ್ರಿ ಕಳೆದ ಅಕ್ಕನೋ ತಮ್ಮನೋ, ಎಲ್ಲರೂ ಅಲ್ಲೇ ನಿಂತು ತಿನ್ನುತ್ತಾರೆ. ಎರಡು ಕೊಂಡವರು ಒಂದನ್ನು ಕಾಗದದಲ್ಲಿ ಸುತ್ತಿ, ಪಕ್ಕದಲ್ಲಿ ಸುಮ್ಮನೆ ನಿಂತವರ ಕೈಗೆ ದಾಟಿಸುವುದೂ ಉಂಟು. ಕೊಟ್ಟವರಿಗೂ ತೆಗೆದುಕೊಂಡವರಿಗೂ ಅದು ದೊಡ್ಡ ಸಂಗತಿಯಲ್ಲ. ಮಾತುಕತೆ ಶುರುವಾಗುವುದು ಮಾತ್ರ ಅಲ್ಲಿಂದಲೇ: ಯಾವ ವಾರ್ಡು, ಯಾರು ಮಲಗಿದ್ದಾರೆ, ಡಾಕ್ಟರು ಏನೆಂದರು.

ಈ ಗುಡ್ಡಕ್ಕೆ ಒಂದು ಹಳೆಯ ಕಥೆಯಿದೆ, ಅದು ಸಿಹಿಗೂ ಸಂಬಂಧಪಟ್ಟದ್ದು. ಮೊಂಬಾಸಾದಿಂದ ಒಳನಾಡಿಗೆ ರೈಲು ಹಳಿ ಹಾಕುವ ಕೆಲಸ 1896ರಲ್ಲಿ ಶುರುವಾಯಿತು. ಅದಕ್ಕೆಂದು ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರಾರಿನ ಮೇಲೆ ಕರೆತಂದರು. ಸುಮಾರು 2,500 ಮಂದಿ ಕೆಲಸದಲ್ಲೇ ತೀರಿಕೊಂಡರು. ಹಳಿ 1899ರಲ್ಲಿ ಜೌಗು ನೆಲವೊಂದಕ್ಕೆ ಬಂದು ತಲುಪಿದಾಗ ಅಲ್ಲಿ ರೈಲ್ವೆಯ ಠಾಣ್ಯವಾಯಿತು. ಆ ಠಾಣ್ಯವೇ ಬೆಳೆದು ನೈರೋಬಿಯಾಯಿತು. ಎತ್ತರದ, ಗಾಳಿ ಚೆನ್ನಾಗಿ ಬೀಸುವ ಗುಡ್ಡ ಬಿಳಿಯ ಅಧಿಕಾರಿಗಳ ಬಂಗಲೆಗಳಿಗೆ. ಕೆಳಗಿನ ಬಜಾರು ಭಾರತದವರಿಗೆ. ಮುಂದೆ ಪೂರ್ವದ ಬಯಲು ಆಫ್ರಿಕನ್ನರಿಗೆ. ಹೀಗೆ ಊರನ್ನು ಬಣ್ಣ ನೋಡಿ ಹಂಚಿದರು. ಅಡುಗೆಮನೆಗಳೂ ಹಾಗೇ ಬೇರೆ ಬೇರೆಯಾದವು. ಬಂಗಲೆಯಲ್ಲಿ ಕೇಕು, ಪುಡಿಂಗು. ಬಜಾರಿನಲ್ಲಿ ಪೇಡಾ, ಜಿಲೇಬಿ. ಪೂರ್ವದ ಮನೆಗಳಲ್ಲಿ ಸುಟ್ಟ ಗೆಣಸು, ಜೇನು. ಒಬ್ಬರ ಸಿಹಿ ಇನ್ನೊಬ್ಬರ ಹೊಸ್ತಿಲು ದಾಟುವುದು ಅಪರೂಪವಾಗಿದ್ದ ಕಾಲ ಅದು.

ಸ್ವಾತಂತ್ರ್ಯ ಬಂದದ್ದು 1963ರಲ್ಲಿ. ಬೇಲಿಗಳು ಕಾಗದದ ಮೇಲೆ ಹೋದವು. ನಾಲಿಗೆಯ ಮಟ್ಟಿಗೆ ನೋಡಿದರೆ ನಿಜವಾಗಿಯೂ ಹೋದವು ಎಂದು ಇಂದಿನ ನೈರೋಬಿಯ ಬೀದಿ ಹೇಳುತ್ತದೆ. ಪಾರ್ಕ್‌ಲ್ಯಾಂಡ್ಸ್, ಎನ್‌ಗಾರಾ ಕಡೆಯ ಮಿಠಾಯಿ ಅಂಗಡಿಗಳಲ್ಲಿ ಗುಜರಾತಿ ಅಜ್ಜಿಯ ಹಿಂದೆ ಕಿಕುಯು ಯುವಕ ಬರ್ಫಿಗೆ ನಿಂತಿರುತ್ತಾನೆ. ಕರಾವಳಿಯ ಸ್ವಾಹಿಲಿ ಸಿಹಿಗಳು ರೈಲು ಹತ್ತಿ ಬಂದವರ ಜೊತೆಗೇ ಮೇಲೆ ಬಂದು ಎಲ್ಲರವೂ ಆಗಿವೆ.

ಆ ಕರಾವಳಿಯ ಸಿಹಿಗಳ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಏಕೆಂದರೆ ಕನ್ನಡದ ಮನೆಯವರಿಗೆ ಅವು ಹೊಸವು ಅನ್ನಿಸುವುದೇ ಇಲ್ಲ. ಮಂಡಾಜಿಗೆ ತೆಂಗಿನ ಹಾಲು, ಏಲಕ್ಕಿ ಬೆರೆಸಿದರೆ ಅದು ಮಹಮ್ರಿ. ತೆಂಗಿನ ಹಾಲಿನಲ್ಲಿ ಬೇಯಿಸಿದ ತೊಗರಿಕಾಳಿನ ಜೊತೆ ಬೆಳಗಿನ ತಿಂಡಿಗೆ ತಿನ್ನುತ್ತಾರೆ. ಸಿಹಿಯನ್ನು ಕಾಳಿನ ಪಲ್ಯದೊಂದಿಗೆ ತಿನ್ನುವುದೇ ಎಂದು ಮೊದಲು ಹುಬ್ಬೇರಿಸುವವರು ಎರಡನೆಯ ತುತ್ತಿಗೆ ಸುಮ್ಮನಾಗುತ್ತಾರೆ. ಕಾಯ್‌ಮಾಟಿ ಎಂದರೆ ಹುದುಗಿದ ಹಿಟ್ಟಿನ ಪುಟ್ಟ ಉಂಡೆಗಳನ್ನು ಕರಿದು ಪಾಕದಲ್ಲಿ ಹೊರಳಿಸಿದ್ದು. ಪಾಕ ಸರಿಯಾದ ಹದಕ್ಕೆ ಬಂದಿದ್ದರೆ ಹೊರಗೆ ಸಕ್ಕರೆಯ ತೆಳುಪದರ ಗರಿಗರಿ, ಒಳಗೆ ಹತ್ತಿಯಷ್ಟು ಹಗುರ. ರಂಜಾನ್ ತಿಂಗಳ ಸಂಜೆ ಅದಿಲ್ಲದ ಸ್ವಾಹಿಲಿ ಮನೆ ಕಡಿಮೆ. ಕಶಾಟ ಎಂಬುದು ತೆಂಗಿನ ತುರಿಯದ್ದಾದರೆ ನಮ್ಮ ಕೊಬ್ಬರಿ ಮಿಠಾಯಿ, ಕಡಲೆಕಾಯಿಯದ್ದಾದರೆ ನಮ್ಮ ಚಿಕ್ಕಿ. ವಜ್ರದಾಕಾರಕ್ಕೆ ಕತ್ತರಿಸುವ ರೀತಿಯೂ ಒಂದೇ. ಮೊಂಬಾಸಾದ ಹಲ್ವಾ ಒಮಾನಿನ ಕಡೆಯಿಂದ ಬಂದದ್ದು, ಅಲ್ಲಿಯ ಸುಲ್ತಾನರು ಜಂಜಿಬಾರಿನಲ್ಲಿ ಕೂತು ಆ ಕರಾವಳಿಯನ್ನು ಆಳುತ್ತಿದ್ದ 19ನೇ ಶತಮಾನದ ಬಳುವಳಿ. ಹಿಟ್ಟಿನ ಸತ್ವ, ಸಕ್ಕರೆ, ತುಪ್ಪ, ಏಲಕ್ಕಿ ಸೇರಿಸಿ ತಾಮ್ರದ ದೊಡ್ಡ ಪಾತ್ರೆಯಲ್ಲಿ ಗಂಟೆಗಟ್ಟಲೆ ತಿರುವಬೇಕು; ಕೈ ಬಿಟ್ಟರೆ ತಳ ಹಿಡಿಯುತ್ತದೆ. ಅದನ್ನು ಬಡಿಸುವಾಗ ಹೆಬ್ಬೆರಳಿನಷ್ಟು ತುಣುಕು, ಜೊತೆಗೆ ಸಕ್ಕರೆ ಹಾಕದ ಕಪ್ಪು ಕಾಫಿ ಒಂದು ಪುಟ್ಟ ಬಟ್ಟಲು. ಈ ಹಲ್ವಾ ಮತ್ತು ಕಹಿ ಕಾಫಿಯ ಜೋಡಿಯ ಮೇಲೆ ನನಗೆ ವಿಶೇಷ ಗೌರವ. ಮತ್ತೆ ಅಲ್ಲಿಗೇ ಬರುತ್ತೇನೆ.

ಮಕ್ಕಳಿಗೆ ಪ್ರಿಯವಾದದ್ದು ಮಬುಯು. ಬಾವೋಬಾಬ್ ಮರದ ಕಾಯಿಯೊಳಗಿನ ಹುಳಿ ತಿರುಳಿನ ಬೀಜಗಳನ್ನು ಸಕ್ಕರೆ ಪಾಕ, ಕೆಂಪು ಬಣ್ಣ, ಏಲಕ್ಕಿ, ಚೂರು ಮೆಣಸಿನಪುಡಿಯಲ್ಲಿ ಬೇಯಿಸಿ ಒಣಗಿಸಿದ್ದು. ಶಾಲೆ ಬಿಟ್ಟ ಮಕ್ಕಳು ಬೀಜ ಚೀಪುತ್ತಾ, ಕೆಂಪು ನಾಲಿಗೆ ಒಬ್ಬರಿಗೊಬ್ಬರು ತೋರಿಸುತ್ತಾ ನಡೆಯುತ್ತಾರೆ. ಈ ಮರದ ಅಣ್ಣತಮ್ಮಂದಿರು ನಮ್ಮಲ್ಲೂ ಇದ್ದಾರೆ. ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದ ಮೂರು ಮಹಾವೃಕ್ಷಗಳು ಇದೇ ಜಾತಿಯವು. ಆಫ್ರಿಕಾದ ಬೀಜ ಯಾವ ಕಾಲದಲ್ಲಿ ಯಾರ ಜೋಳಿಗೆಯಲ್ಲಿ ಬಂತೋ, ಸವಣೂರಿನವರು ಅದನ್ನು ಮಠದ ನೆರಳಲ್ಲಿ ತಮ್ಮದಾಗಿಸಿಕೊಂಡು, ಹುಣಸೆಯ ಹೆಸರು ಕೊಟ್ಟು, ಕಾಪಾಡಿದರು. ಆ ಮರಗಳ ಕೆಳಗೆ ನಿಂತವರಿಗೆ ನೈರೋಬಿಯ ಮಕ್ಕಳ ಕೆಂಪು ನಾಲಿಗೆ ದೂರದ ಸಂಗತಿಯಲ್ಲ.

ಈಗ ಮತ್ತೆ ಅಪ್ಪರ್ ಹಿಲ್ ಹತ್ತೋಣ. ಹಳೆಯ ಬಂಗಲೆಗಳಲ್ಲಿ ಬಹುಪಾಲು ಇಲ್ಲವಾಗಿ ಗುಡ್ಡದ ತುಂಬ ಗಾಜಿನ ಗೋಪುರಗಳು ಎದ್ದಿವೆ. 2017ರಲ್ಲಿ ಮುಗಿದ ಬ್ರಿಟಾಮ್ ಟವರ್ 200 ಮೀಟರ್ ಎತ್ತರ. ಬ್ಯಾಂಕು, ವಿಮಾ ಕಂಪನಿ, ಅಂತರರಾಷ್ಟ್ರೀಯ ಸಂಸ್ಥೆಗಳು; ಅವುಗಳಲ್ಲಿ ದುಡಿಯುವವರಿಗಾಗಿ ತಂಪು ಕೋಣೆಯ ಕೆಫೆಗಳು. 1999ರಲ್ಲಿ ನೈರೋಬಿಯ ಆಡಮ್ಸ್ ಆರ್ಕೇಡ್‌ನಲ್ಲಿ ಒಂದು ಅಂಗಡಿಯಾಗಿ ಶುರುವಾದ ಜಾವಾ ಹೌಸ್ ಇಂದು ನಗರದ ಮೂಲೆ ಮೂಲೆಯಲ್ಲಿದೆ. ಗಾಜಿನ ಪೆಟ್ಟಿಗೆಯಲ್ಲಿ ಚಾಕೊಲೇಟ್ ಕೇಕು, ಚೀಸ್ ಕೇಕು, ಕ್ಯಾರೆಟ್ ಕೇಕು, ಉದ್ದನೆಯ ಲೋಟದಲ್ಲಿ ಮಿಲ್ಕ್‌ಶೇಕು. ಚೆನ್ನಾಗಿಯೇ ಇರುತ್ತವೆ. ಸಂಬಳದ ದಿನ ಗೆಳತಿಯರು ನಾಲ್ವರು ಸೇರಿ ಕೇಕು ಮುಂದಿಟ್ಟುಕೊಂಡು ನಗುವುದನ್ನು ನೋಡುವುದೇ ಸಂತೋಷ. ದುಡಿದವರು ಸಿಹಿ ತಿನ್ನಬೇಕು. ಅದರಲ್ಲಿ ಎರಡು ಮಾತಿಲ್ಲ.

ಮನಸ್ಸಿಗೆ ಬರುವುದು ಅಳತೆಯ ವಿಚಾರ. ಈ ಕೆಫೆಗಳಿಂದ ಸ್ವಲ್ಪ ದೂರ ನಡೆದರೆ ಕೆನ್ಯಾಟ ರಾಷ್ಟ್ರೀಯ ಆಸ್ಪತ್ರೆ. 1901ರಲ್ಲಿ 40 ಹಾಸಿಗೆಗಳಿಂದ ಶುರುವಾದ ಅದರಲ್ಲಿ ಇಂದು ಸುಮಾರು 1,800 ಹಾಸಿಗೆಗಳಿವೆ. ದೇಶದ ಮೂಲೆಗಳಿಂದ ಬರುವ ರೋಗಿಗಳಲ್ಲಿ ಸಕ್ಕರೆ ಕಾಯಿಲೆಯವರು ಅಲ್ಲೂ ಇದ್ದಾರೆ, ನಮ್ಮ ಜಯನಗರದಲ್ಲಿ ಇರುವ ಹಾಗೆ, ಹುಬ್ಬಳ್ಳಿಯಲ್ಲಿ ಇರುವ ಹಾಗೆ. ಆಹಾರಕ್ಕೆ ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಿಹಿ ಎಲ್ಲ ಸೇರಿ ದಿನದ ಒಟ್ಟು ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆ ಇರಲಿ, ಸಾಧ್ಯವಾದರೆ ಶೇಕಡಾ 5ಕ್ಕೆ ಇಳಿಯಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಶೇಕಡಾ 5 ಎಂದರೆ ದೊಡ್ಡವರಿಗೆ ಸುಮಾರು 25 ಗ್ರಾಂ, ಆರು ಟೀ ಚಮಚ. ಬೆಳಗಿನಿಂದ ಮೂರು ಚಹಾ ಕುಡಿದವರಿಗೆ ಆ ಲೆಕ್ಕ ಚಹಾದಲ್ಲೇ ಮುಗಿದಿರುತ್ತದೆ. ಇಷ್ಟು ಓದಿದ ಮೇಲೆ ಕೆಲವರು ಸಿಹಿಯನ್ನೇ ಬಿಡುತ್ತಾರೆ, ಮುಖ ಗಂಟು ಹಾಕಿಕೊಂಡು. ಕೆಲವರು ಓದಿದ್ದನ್ನು ಬಿಡುತ್ತಾರೆ.

ಹಿಂದಿನವರು ಎರಡನ್ನೂ ಮಾಡಲಿಲ್ಲ. ಅವರು ಸಿಹಿಯನ್ನು ಒಬ್ಬರಿಗೆಂದು ಮಾಡುತ್ತಲೇ ಇರಲಿಲ್ಲ, ಅಷ್ಟೇ. ಮೊಂಬಾಸಾದ ಹಲ್ವಾದ ಪಾತ್ರೆ ಒಂದು ಮದುವೆ ಮನೆಗೆ ಸಾಕಾಗುವಂಥದ್ದು. ಅದರಿಂದ ಒಬ್ಬರ ಪಾಲಿಗೆ ಬರುವುದು ಹೆಬ್ಬೆರಳಿನಷ್ಟು. ನಮ್ಮ ಪಂಕ್ತಿಯಲ್ಲಿ ಹಯಗ್ರೀವ ಬಡಿಸುವವರು ಎಲೆಯ ತುದಿಗೆ ಒಂದು ಸೌಟು ಹಾಕಿ ಮುಂದಿನ ಎಲೆಗೆ ಹೋಗುತ್ತಾರೆ, ಏಕೆಂದರೆ ಸಾಲಿನ ಕೊನೆಯಲ್ಲಿ ಕೂತವರಿಗೂ ಸಿಗಬೇಕು. ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ ಅಂಗೈಯ ಗುಳಿ ತುಂಬುವಷ್ಟು. ಇನ್ನೊಂದಿಷ್ಟು ಬೇಕೆಂದರೆ ಸಿಗುತ್ತದೆ, ಆದರೆ ಬಾಗಿಲಲ್ಲಿ ಇನ್ನೂ ಜನ ನಿಂತಿದ್ದಾರೆ ಎಂಬುದು ಕೇಳುವವರಿಗೂ ಗೊತ್ತು. ಪಥ್ಯವನ್ನು ಯಾರೂ ಬೋಧಿಸಲಿಲ್ಲ. ಪಕ್ಕದ ಎಲೆಯೇ ಅಳತೆಯಾಗಿತ್ತು. ದೊಡ್ಡ ನಗರದ ಕಷ್ಟವೆಂದರೆ ಅಲ್ಲಿ ಸಿಹಿ ಒಬ್ಬೊಬ್ಬರಿಗೆಂದೇ ಬೇರೆ ಬೇರೆ ತಟ್ಟೆಯಲ್ಲಿ ಬರುತ್ತದೆ, ತಟ್ಟೆ ದೊಡ್ಡದಾಗಿಯೂ ಇರುತ್ತದೆ, ಎದುರಿಗೆ ಕುರ್ಚಿ ಖಾಲಿ. ಆಗ ನಾಲಿಗೆಗೆ ಸಾಕು ಎಂದು ಹೇಳುವವರಿರುವುದಿಲ್ಲ.

ಪರಿಹಾರ ಸಣ್ಣದು, ಮನೆವಾರ್ತೆ ನಡೆಸುವ ನಮ್ಮಂಥವರಿಗೆ ಆಗುವಂಥದ್ದು. ಕೆಫೆಯಲ್ಲಿ ಒಂದೇ ತುಂಡು ಕೇಕು ತರಿಸಿ ಎರಡು ಚಮಚ ಕೇಳುವುದು. ನೈರೋಬಿಯಲ್ಲಿ ಇದನ್ನು ಯಾರೂ ಕೀಳಾಗಿ ಕಾಣುವುದಿಲ್ಲ. ಬಡಿಸುವ ಹುಡುಗ ತಾನೇ ಕೇಕನ್ನು ನಡುವೆ ಕತ್ತರಿಸಿ ತಂದುಕೊಟ್ಟದ್ದನ್ನೂ ಕಂಡಿದ್ದೇನೆ. ಒಬ್ಬರೇ ಹೋಗಿದ್ದರೆ ಅರ್ಧವನ್ನು ಕಟ್ಟಿಸಿಕೊಂಡು ಬರುವುದು. ಅಲ್ಲಿ ಪ್ರತಿಯೊಂದು ವಸತಿ ಕಟ್ಟಡದ ಗೇಟಿನಲ್ಲೂ ಒಬ್ಬ ಆಸ್ಕಾರಿ, ಅಂದರೆ ಕಾವಲುಗಾರ, ಹಗಲೂ ರಾತ್ರಿ ನಿಂತಿರುತ್ತಾನೆ. ನಾವು ಕಾರಿನಲ್ಲಿ ಒಳಗೆ ಹೋಗುವಾಗ ಗೇಟು ತೆರೆದು ಕೈ ಎತ್ತುವ ಆ ಮನುಷ್ಯನಿಗೂ ಮನೆಯಲ್ಲಿ ಮಕ್ಕಳಿದ್ದಾರೆ. ಮಿಕ್ಕದ್ದನ್ನು ಕೊಟ್ಟಂತೆ ಕಾಣಬಾರದು. ತಿನ್ನುವ ಮೊದಲೇ ಅರ್ಧ ಬೇರೆ ಇಟ್ಟರೆ ಕೊಡುವ ಕೈಗೂ ಸಂಕೋಚವಿಲ್ಲ, ತೆಗೆದುಕೊಳ್ಳುವ ಕೈಗೂ ಇಲ್ಲ.

ಸಿಹಿ ತಿನ್ನಲು ಕೂರಲೊಂದು ಜಾಗವೂ ಬೇಕು, ಕಾಸು ಕೊಡದೆ ಕೂರುವಂಥ ಜಾಗ. ಅಪ್ಪರ್ ಹಿಲ್‌ನಿಂದ ಇಳಿದರೆ, ಗುಡ್ಡಕ್ಕೂ ಪೇಟೆಗೂ ನಡುವೆ ಉಹುರು ಪಾರ್ಕ್ ಇದೆ. 1969ರಲ್ಲಿ ಸಾರ್ವಜನಿಕರಿಗೆ ತೆರೆದ ಹುಲ್ಲುಗಾವಲು. ಭಾನುವಾರ ಚರ್ಚು ಮುಗಿಸಿ ಬಂದ ಕುಟುಂಬಗಳು ಐಸ್‌ಕ್ರೀಮು ಹಿಡಿದು ಅಲ್ಲಿ ಕೂರುತ್ತವೆ, ಚಿಕ್ಕ ಹುಡುಗಿಯರ ಬಿಳಿ ಫ್ರಾಕಿನ ಮೇಲೆ ಗುಲಾಬಿ ಕಲೆಗಳು. 1989ರಲ್ಲಿ ಇದೇ ಪಾರ್ಕಿನಲ್ಲಿ 60 ಅಂತಸ್ತಿನ ಕಟ್ಟಡ ಕಟ್ಟಲು ಸರ್ಕಾರ ಹೊರಟಿತ್ತು. ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ ಪತ್ರದ ಮೇಲೆ ಪತ್ರ ಬರೆದರು, ಊರೂರಿಗೆ ಸುದ್ದಿ ಮುಟ್ಟಿಸಿದರು. ಅಧಿಕಾರಸ್ಥರು ಆಕೆಯನ್ನು ಹೀನಾಯವಾಗಿ ಆಡಿಕೊಂಡರು. ಆಕೆ ಜಗ್ಗಲಿಲ್ಲ. ಕೊನೆಗೆ ಯೋಜನೆ ಬಿದ್ದುಹೋಯಿತು. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪಾರಿತೋಷಕ ಬಂದಾಗ ಜಗತ್ತು ಅವರು ನೆಡಿಸಿದ ಮರಗಳನ್ನು ನೆನೆಯಿತು. ನಾನು ಆ ಹುಲ್ಲಿನ ಮೇಲಿನ ಐಸ್‌ಕ್ರೀಮನ್ನೂ ಸೇರಿಸಿ ನೆನೆಯುತ್ತೇನೆ. ಬಡವರ ಮಗು ಸಿಹಿ ತಿನ್ನುತ್ತಾ ಓಡಾಡಲು ಒಂದು ಬಯಲು ಉಳಿಯಬೇಕೆಂದರೆ ಯಾರಾದರೊಬ್ಬರು ಬೈಗುಳ ತಿನ್ನಬೇಕಾಗುತ್ತದೆ. ಆಕೆ ತಿಂದರು. ನಮ್ಮ ಬಡಾವಣೆಯ ಪಾರ್ಕಿನ ಮೂಲೆಯಲ್ಲಿ ಯಾರೋ ಕಟ್ಟೆ ಕಟ್ಟಿ ಬೇಲಿ ಹಾಕುವಾಗ ನಾವೂ ಒಂದು ಅರ್ಜಿ ಬರೆಯಬಹುದು.

ಸಿಹಿಯ ಮಾತಿನಲ್ಲಿ ಸಕ್ಕರೆ ಕೊಡುವ ಕಬ್ಬಿನ ಮಾತನ್ನೂ ಬಿಡಲಾಗದು. ಕೆನ್ಯಾದ ಪಶ್ಚಿಮದಲ್ಲಿ, ಕಿಸುಮು ಬಳಿಯ ಮಿವಾನಿಯಲ್ಲಿ 1922ರಲ್ಲೇ ಸಕ್ಕರೆ ಕಾರ್ಖಾನೆ ಶುರುವಾಗಿತ್ತು. ಕಬ್ಬು ಕಡಿದು ಕಳಿಸಿ ತಿಂಗಳುಗಟ್ಟಲೆ ಹಣಕ್ಕೆ ಕಾಯುವ ರೈತರ ಪಾಡು ಅಲ್ಲಿನ ಪತ್ರಿಕೆಗಳಲ್ಲಿ ವರ್ಷ ವರ್ಷವೂ ಬರುತ್ತದೆ. ಬೆಳಗಾವಿ, ಮಂಡ್ಯದ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ನಗರದ ಬೀದಿಯಲ್ಲಿ ಕೈಗಾಡಿಯ ಮೇಲೆ ಕಬ್ಬಿನ ಸಿಪ್ಪೆ ಹೆರೆದು ತುಂಡು ಮಾಡಿ ಮಾರುವವನ ಹತ್ತಿರ ಚೌಕಾಸಿ ಮಾಡಲು ನನಗಂತೂ ನಾಲಿಗೆ ಏಳುವುದಿಲ್ಲ.

ನೈರೋಬಿಯ ಮನೆಗಳ ನಡುವೆ ಸಿಹಿಯ ತಟ್ಟೆಗಳು ಓಡಾಡುವ ಬಗೆಯೊಂದಿದೆ. ರಂಜಾನಿನಲ್ಲಿ ಸ್ವಾಹಿಲಿ ಮನೆಯಿಂದ ಕಾಯ್‌ಮಾಟಿ, ದೀಪಾವಳಿಗೆ ಗುಜರಾತಿ ಮನೆಯಿಂದ ಘೂಘರಾ, ಕ್ರಿಸ್‌ಮಸ್ಸಿಗೆ ಗೋವಾದ ಮನೆಯಿಂದ ನೇವ್ರಿ. ಭಾರತ ಮೂಲದವರನ್ನು ಕೆನ್ಯಾ ಸರ್ಕಾರ 2017ರಲ್ಲಿ ದೇಶದ 44ನೇ ಬುಡಕಟ್ಟೆಂದು ಘೋಷಿಸಿತು. ಸರ್ಕಾರ ಒಪ್ಪಿಕೊಳ್ಳುವ ಎಷ್ಟೋ ಮೊದಲೇ ಈ ತಟ್ಟೆಗಳು ಅದನ್ನು ಒಪ್ಪಿದ್ದವು. ನೆರೆಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡು ಎಂದು ನಮ್ಮ ಅಜ್ಜಿಯಂದಿರು ಹೇಳಿದ್ದನ್ನು ಮರೆಯದ ಕನ್ನಡದ ಗೃಹಿಣಿಗೆ ಆ ಊರಿನಲ್ಲಿ ಕೆಲಸ ತುಂಬಾ ಇದೆ.

ಹಬ್ಬದ ಹೋಳಿಗೆಗೆ ಅವಳು ಊರಿನಿಂದ ಸಾಮಾನು ತರಿಸಬೇಕಾಗಿಯೂ ಇಲ್ಲ. ಮಚಾಕೋಸ್, ಮಕುವೇನಿ, ಕಿಟುಯಿ ಸೀಮೆಯ ಒಣ ಹೊಲಗಳಲ್ಲಿ ಬೆಳೆಯುವ ಎಂಬಾಜಿ ಎಂದರೆ ಕಲಬುರಗಿಯ ನಮ್ಮ ತೊಗರಿಯೇ. ಪಶ್ಚಿಮದ ಆಲೆಮನೆಗಳಿಂದ ಬರುವ ಸುಕಾರಿ ಗುರು ಅಪ್ಪಟ ಬೆಲ್ಲ. ಬಣ್ಣ ಸ್ವಲ್ಪ ಕಪ್ಪು. ಕರಗಿಸಿ ಸೋಸಿದರೆ ಸಾಕು. ತೆಂಗಿನಕಾಯಿ ಕಿಲಿಫಿ, ಕ್ವಾಲೆ ಕಡೆಯದು ಸಿಗುತ್ತದೆ. ಹೂರಣ ರುಬ್ಬುವಾಗ ಏಲಕ್ಕಿ ಒಂದೆರಡು ಹೆಚ್ಚೇ ಇರಲಿ, ಕರಾವಳಿಯ ನೆರೆಯವರಿಗೆ ಅದು ಹಿಡಿಸುತ್ತದೆ. ಯುಗಾದಿಯ ಹಿಂದಿನ ರಾತ್ರಿ ಮನೆಯವರಿಗೆ ಬೇಕಾದಷ್ಟು ಬೇಳೆ ಅಳೆದು, ಮೇಲೆ ಇನ್ನೊಂದು ಪಾವು ಅಳೆದಿಟ್ಟುಕೊಂಡರೆ, ಬೆಳಿಗ್ಗೆ ಹತ್ತರ ಹೊತ್ತಿಗೆ ಮೇಲಿನ ಮಹಡಿಯ ಮನೆಗೂ ಗೇಟಿನ ಆಸ್ಕಾರಿಗೂ ತುಪ್ಪ ಸವರಿದ ಬಿಸಿ ಹೋಳಿಗೆ ಹೋಗುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಯಜಮಾನರಿಗೆ ಒಂದೇ ಉಳಿಯುತ್ತದೆ, ಅವರು ಅದನ್ನು ಎಲ್ಲರ ಜೊತೆ ಕೂತೇ ತಿನ್ನುತ್ತಾರೆ.